ಅಮೆರಿಕದಲ್ಲಿ ಕಲಿತು ಬಂದು ಹುಬ್ಬಳ್ಳಿಯಲ್ಲಿ ಪಕ್ಷ ಕಟ್ಟಿದ ಡಾಕ್ಟರು

2025ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರದ ಖರ್ಚು ಕಡಿತದ ವಿಭಾಗ ಒಂದು ಪಟ್ಟಿ ಹೊರಗೆ ಹಾಕಿತು. ಭಾರತದಲ್ಲಿ ಮತದಾನ ಹೆಚ್ಚಿಸುವುದಕ್ಕೆ ಅಂತ ತೆಗೆದಿಟ್ಟಿದ್ದ 2 ಕೋಟಿ 10 ಲಕ್ಷ ಡಾಲರ್ ರದ್ದು ಮಾಡಿದ್ದೇವೆ ಎಂಬುದು ಅದರಲ್ಲಿದ್ದ ಒಂದು ಸಾಲು. ಆ ಒಂದು ಸಾಲಿಗೆ ದಿಲ್ಲಿಯಲ್ಲಿ ವಾರಗಟ್ಟಲೆ ಜಗಳ ಆಯ್ತು. ಹಣ ತಿಂದವರು ನೀವು ಅಂತ ಇವರು, ಅಲ್ಲ ನೀವೇ ಅಂತ ಅವರು. ಆ ಹಣ ಭಾರತದ್ದೇ ಅಲ್ಲ, ಬಾಂಗ್ಲಾದೇಶದ ಒಂದು ಯೋಜನೆಯದ್ದು ಅಂತ ಪತ್ರಿಕೆಯೊಂದು ದಾಖಲೆ ಸಮೇತ ಬರೆದ ಮೇಲೂ ಜಗಳ ನಿಲ್ಲಲಿಲ್ಲ. ನಮ್ಮ ಕೊಕ್ಕರ್ಣೆಯಂಥ ಸಣ್ಣ ಪೇಟೆಯಲ್ಲೂ ಚಾ ಕುಡಿಯುತ್ತಾ ಅದನ್ನೇ ಮಾತಾಡಿದವರು ಇದ್ದರು.

ಯಾರು ತಿಂದರು ಎಂಬ ಪ್ರಶ್ನೆ ನನಗೆ ದೊಡ್ಡದಲ್ಲ. ಅದರ ಹಿಂದೆ ಇನ್ನೊಂದು ಪ್ರಶ್ನೆ ಉಂಟು: ಹೊರದೇಶದ ನೆರವಿನಿಂದ ಒಂದು ದೇಶದ ರಾಜಕೀಯ ಪಕ್ಷ ಗಟ್ಟಿಯಾಗ್ತದಾ? ಗಟ್ಟಿಯಾಗುವುದಾದರೆ ಹೊರಗಿನಿಂದ ಬರಬೇಕಾದ್ದು ಯಾವುದು, ಒಳಗಿನಿಂದಲೇ ಹುಟ್ಟಬೇಕಾದ್ದು ಯಾವುದು?

ಈ ಪ್ರಶ್ನೆ ಇಟ್ಟುಕೊಂಡು ದೊಡ್ಡ ಸಂಸ್ಥೆಗಳೇ ನಡೆಯುತ್ತಿವೆ. ಜರ್ಮನಿಯ ಒಂದೊಂದು ದೊಡ್ಡ ಪಕ್ಷಕ್ಕೂ ಹತ್ತಿರದ ಒಂದೊಂದು ಪ್ರತಿಷ್ಠಾನ ಇದೆ, ಫ್ರೀಡ್ರಿಕ್ ಎಬರ್ಟ್, ಕಾನ್ರಾಡ್ ಅಡೆನವರ್ ಅಂತ. ಅಮೆರಿಕದವರು 1983ರಲ್ಲಿ ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ ಮಾಡಿದರು. ಬ್ರಿಟನ್ 1992ರಲ್ಲಿ ವೆಸ್ಟ್‌ಮಿನ್‌ಸ್ಟರ್ ಫೌಂಡೇಶನ್ ಮಾಡಿತು. ಹೊಸ ಪ್ರಜಾಪ್ರಭುತ್ವಗಳಲ್ಲಿ ಪಕ್ಷಗಳಿಗೆ ತರಬೇತಿ, ಸದಸ್ಯತ್ವದ ಲೆಕ್ಕ ಇಡುವ ಕ್ರಮ, ಮಹಿಳಾ ಘಟಕ, ಯುವ ಘಟಕ ಕಟ್ಟುವ ಪಾಠ, ಇದೆಲ್ಲ ಇವರ ಕೆಲಸ. ಅಂದರೆ ಪಕ್ಷ ಕಟ್ಟುವುದು ಕಲಿಯುವ ವಿದ್ಯೆ, ಹೇಳಿಕೊಡಬಹುದಾದ ವಿದ್ಯೆ ಎಂಬ ನಂಬಿಕೆ.

ಈ ಸಂಸ್ಥೆಗಳ ಪೈಕಿ ಹೆಚ್ಚಿನವು ಹುಟ್ಟುವ ಎಷ್ಟೋ ವರ್ಷ ಮೊದಲು ನಮ್ಮ ಕರ್ನಾಟಕದ ಒಬ್ಬ ಡಾಕ್ಟರು ಈ ಕೆಲಸ ಮಾಡಿ ತೋರಿಸಿದ್ದಾರೆ. ಯಾರೂ ಅವರನ್ನು ಕರೆದು ತರಬೇತಿ ಕೊಟ್ಟದ್ದಲ್ಲ. ಓದಲಿಕ್ಕೆ ಅಂತ ಅಮೆರಿಕಕ್ಕೆ ಹೋದವರು ಅಲ್ಲಿ ಸಂಘಟನೆಯ ಕೆಲಸಕ್ಕೆ ಬಿದ್ದರು, ಊರಿಗೆ ಬಂದು ದೇಶದ ಅತಿ ದೊಡ್ಡ ಪಕ್ಷಕ್ಕೆ ಇಲ್ಲದಿದ್ದ ಬೆನ್ನೆಲುಬು ಕೂಡಿಸಲು ಹೊರಟರು. ಅವರು ನಾರಾಯಣ ಸುಬ್ಬರಾವ್ ಹರ್ಡೀಕರ್. ಹುಬ್ಬಳ್ಳಿ ಕಡೆಯವರಿಗೆ ಹರ್ಡೀಕರ್ ಡಾಕ್ಟರು. ಕರಾವಳಿಯ ನಮಗೆ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ. ಗೊತ್ತಿರಬೇಕಿತ್ತು, ಎಂತಕ್ಕೆ ಅಂದರೆ ಅವರ ಕೆಲಸದ ಅರ್ಧ ಭಾರ ಹೊತ್ತವರಲ್ಲಿ ಕುಂದಾಪುರ ಅಂತ ಅಡ್ಡಹೆಸರಿನ ಒಬ್ಬ ಹೆಂಗಸು ಇದ್ದರು. ಅವರ ವಿಷಯ ಮುಂದೆ ಬರ್ತದೆ.

ಡಾಕ್ಟರಿಕೆ ಕಲಿಯಲು ಹೋದವರು

ಹರ್ಡೀಕರ್ ಹುಟ್ಟಿದ್ದು 1889ರ ಮೇ 7ರಂದು, ಧಾರವಾಡ ಸೀಮೆಯಲ್ಲಿ. ಆಗ ಅದು ಮುಂಬಯಿ ಪ್ರಾಂತ್ಯ. ಬಂಗಾಳ ವಿಭಜನೆಯ ಗಲಾಟೆ, ಸ್ವದೇಶಿ ಚಳವಳಿ, ತಿಲಕರ ಹೆಸರು, ಇವೆಲ್ಲ ಧಾರವಾಡದ ಹುಡುಗರ ತಲೆಯಲ್ಲಿ ಗುಂಯ್‌ಗುಡುತ್ತಿದ್ದ ಕಾಲದಲ್ಲಿ ಅವರು ಬೆಳೆದರು. ವೈದ್ಯಕೀಯ ಓದಲು ಕಲ್ಕತ್ತೆಗೆ ಹೋದರು. ಆ ದಿನಗಳ ಕಲ್ಕತ್ತೆಗೆ ಹೋದ ಹುಡುಗ ಬರೀ ಡಾಕ್ಟರಾಗಿ ವಾಪಸು ಬರುವುದು ಕಷ್ಟವೇ.

1913ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಈ ವಿಷಯವನ್ನು ಸ್ವಲ್ಪ ಗಮನಿಸಬೇಕು. ಸಾರ್ವಜನಿಕ ಆರೋಗ್ಯ ಅಂದರೆ ಒಬ್ಬ ರೋಗಿಗೆ ಮದ್ದು ಕೊಡುವ ವಿದ್ಯೆ ಅಲ್ಲ. ಇಡೀ ಊರಿನ ನೀರು, ಚರಂಡಿ, ಲಸಿಕೆ, ಲೆಕ್ಕಪತ್ರ ಇವನ್ನೆಲ್ಲ ಕ್ರಮದಲ್ಲಿ ಇಡುವ ವಿದ್ಯೆ. ಹತ್ತು ಸಾವಿರ ಜನ ಒಂದೇ ಹೊತ್ತಿಗೆ ಒಂದು ಕಡೆ ಸೇರಿದರೆ ಏನೇನು ಬೇಕು ಅಂತ ಯೋಚಿಸುವ ವಿದ್ಯೆ. ಮುಂದೆ ಅವರು ಮಾಡಿದ ಕೆಲಸಕ್ಕೂ ಈ ಓದಿಗೂ ಸಂಬಂಧ ಇದೆ ಅಂತ ನನ್ನ ಎಣಿಕೆ.

ಅದೇ ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಯ್ತು. ಅಮೆರಿಕದಲ್ಲಿದ್ದ ಭಾರತೀಯರ ಎದುರಿಗೆ ಎರಡು ದಾರಿ ಇದ್ದವು. ಒಂದು ಗದರ್ ಪಕ್ಷದ ದಾರಿ. 1913ರಲ್ಲಿ ಪಶ್ಚಿಮ ಕರಾವಳಿಯಲ್ಲಿ ಹುಟ್ಟಿದ ಗದರ್, ಬ್ರಿಟಿಷರ ಶತ್ರುವಾದ ಜರ್ಮನಿಯಿಂದ ಹಣ, ಆಯುಧ ಪಡೆದು ಭಾರತದಲ್ಲಿ ದಂಗೆ ಎಬ್ಬಿಸಲು ನೋಡಿತು. ಅದು ದಡ ಮುಟ್ಟಲಿಲ್ಲ. 1917-18ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಮೊಕದ್ದಮೆ ನಡೆದು ಅನೇಕರಿಗೆ ಶಿಕ್ಷೆಯಾಯ್ತು. ಗದರ್‌ನವರ ಧೈರ್ಯ, ತ್ಯಾಗದ ಬಗ್ಗೆ ಎರಡು ಮಾತಿಲ್ಲ. ಆದರೆ ಜರ್ಮನ್ ಸರ್ಕಾರ ದುಡ್ಡು ಕೊಟ್ಟದ್ದು ಭಾರತದ ಮೇಲಿನ ಪ್ರೀತಿಗಲ್ಲ, ಇಂಗ್ಲೆಂಡಿನ ಮೇಲಿನ ಹಗೆಗೆ. ಹಗೆಯ ಲೆಕ್ಕ ಬದಲಾದ ದಿನ ದುಡ್ಡೂ ನಿಲ್ತದೆ.

ಇನ್ನೊಂದು ದಾರಿ ಲಾಲಾ ಲಜಪತ್ ರಾಯರದ್ದು. ಯುದ್ಧದ ಕಾಲದಲ್ಲಿ ಊರಿಗೆ ಮರಳಲಾಗದೆ ಅಮೆರಿಕದಲ್ಲೇ ಉಳಿದ ರಾಯರು ಜರ್ಮನ್ ಹಣದಿಂದ ದೂರ ನಿಂತರು. 1917ರಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಆಫ್ ಅಮೆರಿಕ ಕಟ್ಟಿದರು. 1918ರ ಜನವರಿಯಿಂದ ಯಂಗ್ ಇಂಡಿಯಾ ಎಂಬ ಮಾಸಪತ್ರಿಕೆ ಶುರುವಾಯ್ತು. ಮುಂದೆ ಗಾಂಧೀಜಿ ನಡೆಸಿದ ಯಂಗ್ ಇಂಡಿಯಾ ಬೇರೆ, ಇದು ಬೇರೆ. ಬಹಿರಂಗ ಸಂಘ, ಬಹಿರಂಗ ಸದಸ್ಯತ್ವ, ಬಹಿರಂಗ ಪತ್ರಿಕೆ. ಜೆ.ಟಿ. ಸಂಡರ್‌ಲ್ಯಾಂಡ್ ಎಂಬ ಯುನಿಟೇರಿಯನ್ ಪಾದ್ರಿಯಂಥ ಅಮೆರಿಕನ್ನರು ಜೊತೆಗೆ ನಿಂತರು. ಊರಿನಿಂದ ತಿಲಕರೂ ಸಹಾಯ ಕಳಿಸಿದರು. ಇಲ್ಲಿ ಹಣ ಹರಿದ ದಿಕ್ಕು ನೋಡಿ: ಭಾರತದಿಂದ ಅಮೆರಿಕಕ್ಕೆ!

ಹರ್ಡೀಕರ್ ಈ ಎರಡನೇ ದಾರಿಗೆ ಬಂದರು. ಲೀಗಿನ ಕಾರ್ಯದರ್ಶಿಯಾಗಿ ರಾಯರ ಬಲಗೈಯಂತೆ ದುಡಿದರು. ಊರೂರು ತಿರುಗಿ ಭಾಷಣ, ಸದಸ್ಯರ ನೋಂದಣಿ, ಚಂದಾ ವಸೂಲಿ, ಕರಪತ್ರ ಮಾರುವುದು, ಪತ್ರಿಕೆ ಕಟ್ಟಿ ಟಪಾಲಿಗೆ ಹಾಕುವುದು. ಹೆಸರು ಬರುವ ಕೆಲಸ ಅಲ್ಲ ಇದು. ಆದರೆ ಯಾವ ಸಂಘಟನೆಯೂ ನಿಲ್ಲುವುದು ಇದರ ಮೇಲೆಯೇ. ಅಮೆರಿಕದಿಂದ ಹರ್ಡೀಕರ್ ತಂದದ್ದು ದುಡ್ಡಿನ ಗಂಟನ್ನಲ್ಲ, ಈ ಅಭ್ಯಾಸವನ್ನು.

ಹೊಸ ಮನೆ, ಆದರೆ ಕಂಬ ಇಲ್ಲ

1921ರಲ್ಲಿ ಅವರು ಊರಿಗೆ ಮರಳಿದರು. ಬಂದ ಹೊತ್ತು ಮುಖ್ಯ. ಅದಕ್ಕೆ ಸ್ವಲ್ಪ ಮುಂಚೆ, 1920ರ ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನನ್ನೇ ತಾನು ಬದಲಿಸಿಕೊಂಡಿತ್ತು.

ಅಲ್ಲಿವರೆಗೆ ಕಾಂಗ್ರೆಸ್ ಅಂದರೆ ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಸೇರುವ ಸಭೆ. ಕೋಟು ಹಾಕಿದ ವಕೀಲರು ಇಂಗ್ಲಿಷಿನಲ್ಲಿ ಗೊತ್ತುವಳಿ ಮಂಡಿಸಿ ರೈಲು ಹತ್ತುತ್ತಿದ್ದರು. ಲಂಡನ್ನಿನಲ್ಲಿ ಕಾಂಗ್ರೆಸಿನ ಬ್ರಿಟಿಷ್ ಸಮಿತಿ ಅಂತ ಒಂದಿತ್ತು, ಇಂಡಿಯಾ ಎಂಬ ಪತ್ರಿಕೆ ನಡೆಸುತ್ತಿತ್ತು. ಇಲ್ಲಿನ ಹಣ ಅಲ್ಲಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಸಜ್ಜನರಿಗೆ ನಮ್ಮ ಕಷ್ಟ ತಿಳಿದರೆ ಎಲ್ಲ ಸರಿ ಹೋಗ್ತದೆ ಎಂಬ ಭರವಸೆ. ಇದೂ ಒಂದು ಬಗೆಯ ಅಂತರರಾಷ್ಟ್ರೀಯ ಬೆಂಬಲದ ಲೆಕ್ಕಾಚಾರವೇ.

ನಾಗಪುರದಲ್ಲಿ ಆ ಲಂಡನ್ ಸಮಿತಿಯನ್ನೂ ಪತ್ರಿಕೆಯನ್ನೂ ಮುಚ್ಚಲು ತೀರ್ಮಾನವಾಯ್ತು. ನಾಲ್ಕಾಣೆ ಕೊಟ್ಟವರೆಲ್ಲ ಸದಸ್ಯರು ಅಂತಾಯ್ತು. ಹಳ್ಳಿ, ತಾಲ್ಲೂಕು, ಜಿಲ್ಲೆ, ಪ್ರಾಂತ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಸಮಿತಿಗಳು. ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳು. ಮರು ವರ್ಷ ತಿಲಕ್ ಸ್ವರಾಜ್ಯ ನಿಧಿಗೆ 1 ಕೋಟಿ ರೂಪಾಯಿ ದೇಶದೊಳಗೇ ಕೂಡಿತು.

ಇದರಲ್ಲಿ ನಮ್ಮ ಊರಿಗೆ ನೇರ ಸಂಬಂಧಿಸಿದ ಸಂಗತಿ ಒಂದಿದೆ. ಕೊಕ್ಕರ್ಣೆ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಹುಬ್ಬಳ್ಳಿ ಮುಂಬಯಿ ಪ್ರಾಂತ್ಯ. ಸರ್ಕಾರದ ನಕ್ಷೆಯಲ್ಲಿ ಈ ಎರಡೂ ಒಂದಾದದ್ದು 1956ರಲ್ಲಿ. ಆದರೆ ಪಕ್ಷದ ನಕ್ಷೆಯಲ್ಲಿ ಕರ್ನಾಟಕ ಪ್ರಾಂತ ಕಾಂಗ್ರೆಸ್ ಅಂತ ಅವು ಅದಕ್ಕೆ 35 ವರ್ಷ ಮೊದಲೇ ಒಂದಾಗಿದ್ದವು. ಒಂದು ಪಕ್ಷ ಸರಿಯಾಗಿ ಕಟ್ಟಿಕೊಂಡರೆ ಸರ್ಕಾರಕ್ಕಿಂತ ಮೊದಲೇ ನಾಡು ಕಟ್ಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮನೆಯ ನಕ್ಷೆ ಚೆನ್ನಾಗಿತ್ತು. ಕಂಬ ಇರಲಿಲ್ಲ. ಗಾಂಧಿ ಕರೆ ಕೊಟ್ಟರೆ ಜನ ನುಗ್ಗುತ್ತಿದ್ದರು, ಚಳವಳಿ ನಿಂತರೆ ಚದುರುತ್ತಿದ್ದರು. ಸಭೆಗೆ ಸಾವಿರ ಜನ ಬಂದರೆ ಸಾಲು ಮಾಡಿಸುವವರು, ನೀರು ಕೊಡುವವರು, ಗಲಾಟೆ ಆಗದಂತೆ ನೋಡಿಕೊಳ್ಳುವವರು ಯಾರು ಅಂತ ಗೊತ್ತಿರಲಿಲ್ಲ. ಆಯಾ ಊರಿನಲ್ಲಿ ಆಯಾ ಹೊತ್ತಿಗೆ ಸಿಕ್ಕಿದ ಹುಡುಗರು ಸ್ವಯಂಸೇವಕರು. 1922ರ ಫೆಬ್ರುವರಿಯಲ್ಲಿ ಚೌರಿಚೌರಾದಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟ ಮೇಲೆ ಗಾಂಧಿ ಇಡೀ ಚಳವಳಿಯನ್ನೇ ನಿಲ್ಲಿಸಿದರಲ್ಲ, ಅದರ ಹಿಂದೆಯೂ ಈ ಕೊರತೆ ಇತ್ತು. ಅಹಿಂಸೆ ಎನ್ನುವುದು ಬರೀ ಒಳ್ಳೆಯ ಮನಸ್ಸಿನಿಂದ ಆಗುವುದಲ್ಲ, ಅದಕ್ಕೆ ತಾಲೀಮು ಬೇಕು.

ಹರ್ಡೀಕರ್ ಈ ಜಾಗಕ್ಕೆ ಕೈಹಾಕಿದರು. ಹುಬ್ಬಳ್ಳಿಯಲ್ಲಿ ಗೆಳೆಯರನ್ನು ಕೂಡಿಸಿ ಸೇವಾ ಮಂಡಲ ಮಾಡಿದರು. 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ತ್ರಿವರ್ಣ ಧ್ವಜ ಹಿಡಿದು ಮೆರವಣಿಗೆ ಹೋಗಬಾರದು ಅಂತ ಸರ್ಕಾರದ ಆಜ್ಞೆ. ಅದನ್ನು ಮುರಿಯಲು ದೇಶದ ನಾನಾ ಕಡೆಯಿಂದ ತಂಡಗಳು ಹೋದವು, ಹುಬ್ಬಳ್ಳಿಯವರೂ ಹೋದರು. ಜೈಲಿನ ಕಷ್ಟ ತಡೆಯಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಗೆ ಬಂದರು. ಹುಬ್ಬಳ್ಳಿ ಸೇವಾ ಮಂಡಲದವರು ಬರೆದುಕೊಡಲಿಲ್ಲ. ಅವರೇನು ಬೇರೆ ಮಣ್ಣಿನಲ್ಲಿ ಹುಟ್ಟಿದವರಲ್ಲ. ಹೋಗುವ ಮುಂಚೆ ತಾಲೀಮು ಆಗಿತ್ತು, ಒಬ್ಬರ ಪಕ್ಕ ಇನ್ನೊಬ್ಬರು ಇದ್ದರು, ಅಷ್ಟೇ.

ಕಾಂಗ್ರೆಸಿನ ದೊಡ್ಡವರ ಕಣ್ಣು ಹುಬ್ಬಳ್ಳಿಯ ಮೇಲೆ ಬಿದ್ದದ್ದು ಆಗ. ಅದೇ ವರ್ಷದ ಡಿಸೆಂಬರಿನಲ್ಲಿ, ಮೌಲಾನಾ ಮಹಮ್ಮದ್ ಅಲಿ ಅಧ್ಯಕ್ಷತೆಯ ಕಾಕಿನಾಡ ಅಧಿವೇಶನದ ಹೊತ್ತಿಗೆ, ಹಿಂದುಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. ದಿನನಿತ್ಯದ ಕೆಲಸ ಹರ್ಡೀಕರರ ಹೆಗಲಿಗೆ. ಕೇಂದ್ರ ದಿಲ್ಲಿಯಲ್ಲ, ಅಲಹಾಬಾದೂ ಅಲ್ಲ, ಹುಬ್ಬಳ್ಳಿ!

ಒಳಗಿನವರದ್ದೇ ವಿರೋಧ

ಸೇವಾದಳಕ್ಕೆ ಬ್ರಿಟಿಷರ ವಿರೋಧ ಇದ್ದದ್ದು ಸಹಜ. ವಿಚಿತ್ರ ಅಂದರೆ ಕಾಂಗ್ರೆಸಿನ ಒಳಗೇ ಬಲವಾದ ವಿರೋಧ ಇತ್ತು. ಸಮವಸ್ತ್ರ, ಕವಾಯತು, ಶಿಸ್ತು ಇವೆಲ್ಲ ಸೈನ್ಯದ ವಾಸನೆ ಬರುವಂಥವು, ಅಹಿಂಸೆಗೆ ಹೊಂದುವುದಿಲ್ಲ ಅಂತ ಕೆಲವರು. ಇವತ್ತು ಸ್ವಯಂಸೇವಕರು, ನಾಳೆ ನಮ್ಮ ಮಾತನ್ನೇ ಕೇಳದ ಪಡೆಯಾದರೆ ಅಂತ ಇನ್ನು ಕೆಲವರು. ಪ್ರಾಂತ ಸಮಿತಿಗಳಿಗೆ ತಮ್ಮ ಊರಿನ ಹುಡುಗರು ಹುಬ್ಬಳ್ಳಿಯ ಮಾತು ಕೇಳುವುದು ಬೇಡವಾಗಿತ್ತು.

ಈ ಭಯವನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಅದೇ ದಶಕದಲ್ಲಿ ಇಟಲಿಯಲ್ಲಿ ಕರಿಯಂಗಿಯವರು, ಜರ್ಮನಿಯಲ್ಲಿ ಕಂದು ಅಂಗಿಯವರು ಪಕ್ಷದ ಹೆಸರಲ್ಲಿ ಬೀದಿ ಆಳುತ್ತಿದ್ದರು. 1925ರಲ್ಲಿ ನಾಗಪುರದಲ್ಲಿ, ಹರ್ಡೀಕರರ ಹಾಗೆಯೇ ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿದ ಇನ್ನೊಬ್ಬ ಡಾಕ್ಟರು, ಕೇಶವ ಬಲಿರಾಮ ಹೆಡಗೇವಾರ್, ಆರೆಸ್ಸೆಸ್ ಶುರು ಮಾಡಿದರು. ಇಬ್ಬರೂ ಡಾಕ್ಟರು, ಇಬ್ಬರಿಗೂ ಶಿಸ್ತಿನ ಹುಚ್ಚು. ಆದರೆ ಒಬ್ಬರು ಕಟ್ಟಿದ್ದು ಎಲ್ಲ ಧರ್ಮದವರಿಗೂ ತೆರೆದ, ಚುನಾಯಿತ ಪಕ್ಷಕ್ಕೆ ತಗ್ಗಿ ನಡೆಯುವ ದಳ. ಇನ್ನೊಬ್ಬರು ಕಟ್ಟಿದ್ದು ಹಿಂದೂಗಳ, ಯಾವ ಪಕ್ಷದ ಹಿಡಿತಕ್ಕೂ ಸಿಗದ ಸಂಘ. ನೂರು ವರ್ಷದ ಮೇಲೆ ಯಾವುದು ದೊಡ್ಡದಾಗಿ ಬೆಳೆಯಿತು, ಯಾವುದು ಸೊರಗಿತು ಅಂತ ಎಲ್ಲರಿಗೂ ಕಾಣ್ತದೆ. ಸೊರಗಿದ್ದಕ್ಕೆ ಹೊರಗಿನವರು ಕಾರಣ ಅಲ್ಲ. ತನ್ನ ಸ್ವಂತ ಕಾರ್ಯಕರ್ತರನ್ನು ಬೆಳೆಸುವ ಕೆಲಸವನ್ನು ಕಾಂಗ್ರೆಸ್ ಶುರುವಿನಿಂದಲೂ ಅರೆಮನಸ್ಸಿನಿಂದಲೇ ಮಾಡಿತು.

ಹರ್ಡೀಕರ್ ಮಾತ್ರ ಪಟ್ಟು ಬಿಡಲಿಲ್ಲ. ತರಬೇತಿ ಶಿಬಿರಗಳು, ದೈಹಿಕ ಶಿಕ್ಷಣ, ಖಾದಿ ಸಮವಸ್ತ್ರ, ವಾಲಂಟಿಯರ್ ಅಂತ ಒಂದು ಪತ್ರಿಕೆ. ಪ್ರತಿ ತಿಂಗಳ ಕೊನೆಯ ಭಾನುವಾರ ಊರೂರಲ್ಲಿ ಧ್ವಜವಂದನೆ. ಇವತ್ತು ಶಾಲೆಯ ಅಂಗಳದಲ್ಲಿ ಬಾವುಟ ಕಟ್ಟಿ ಸಾಲಾಗಿ ನಿಂತು ವಂದಿಸುವ ಶಿಸ್ತು ನಮಗೆ ಸಹಜ ಅನ್ನಿಸ್ತದೆ. ಅದನ್ನು ಜನರಿಗೆ ರೂಢಿ ಮಾಡಿಸಿದವರಲ್ಲಿ ಸೇವಾದಳದ ಪಾಲು ದೊಡ್ಡದು.

ಬೆಳಗಾವಿ, ಮತ್ತು ಕುಂದಾಪುರದ ಹೆಸರು

1924ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ. ಗಾಂಧಿ ಕಾಂಗ್ರೆಸ್ ಅಧ್ಯಕ್ಷರಾದದ್ದು ಅದೊಂದೇ ಸಲ. ಸೇವಾದಳದವರಿಗೆ ಅದು ಮನೆಯಂಗಳದ ಪರೀಕ್ಷೆ. ಸಾರ್ವಜನಿಕ ಆರೋಗ್ಯ ಓದಿದ ಡಾಕ್ಟರ ಕಣ್ಣೆದುರು ದೊಡ್ಡದೊಂದು ಊರೇ ತಾತ್ಕಾಲಿಕವಾಗಿ ಎದ್ದು ನಿಂತಿತ್ತು.

ಅಲ್ಲಿ ದುಡಿದವರಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಂಗಸರಿದ್ದರು. ಅವರನ್ನು ಕೂಡಿಸಿದವರು ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಎಳೆ ವಯಸ್ಸಿನಲ್ಲೇ ಕುಂದಾಪುರ ಮನೆತನಕ್ಕೆ ಸೊಸೆಯಾಗಿ ಹೋದವರು. ಮೂವತ್ತು ತುಂಬುವುದರೊಳಗೆ ಗಂಡ ತೀರಿಹೋದರು. ಆ ಕಾಲದ ಸಾರಸ್ವತ ಮನೆಯಲ್ಲಿ ವಿಧವೆಯ ಬದುಕು ಅಡುಗೆಮನೆಯ ಮೂಲೆಗೆ ಸೇರುವುದೇ ವಾಡಿಕೆ. ಆದರೆ ಮಾವ ಆನಂದರಾಯರು ಸೊಸೆಯನ್ನು ಓದಿಸಿದರು, ಹೊರಗೆ ತಂದರು. ಹುಬ್ಬಳ್ಳಿಯಲ್ಲಿ ಮನೆಯವರದ್ದು ಕರ್ನಾಟಕ ಪ್ರೆಸ್ ಅಂತ ಮುದ್ರಣಾಲಯ. ಉಮಾಬಾಯಿ ಭಗಿನಿ ಮಂಡಲ ಕಟ್ಟಿದರು. ಹರ್ಡೀಕರ್ ಶುರು ಮಾಡಿದ ತಿಲಕ್ ಕನ್ಯಾಶಾಲೆಯ ಹೊಣೆ ಹೊತ್ತರು. ಆಮೇಲೆ ಸೇವಾದಳದ ಮಹಿಳಾ ವಿಭಾಗದ ಮುಖ್ಯಸ್ಥೆಯಾದರು.

ಬೆಳಗಾವಿಗೆ ಅವರು ಕರೆತಂದವರಲ್ಲಿ ವಿಧವೆಯರೂ ಇದ್ದರು. ಮನೆಯ ಹೊಸ್ತಿಲು ದಾಟಲು ಅಪ್ಪಣೆ ಇಲ್ಲದಿದ್ದ ಹೆಂಗಸರು ಸಮವಸ್ತ್ರ ಹಾಕಿ ದೇಶದ ನಾಯಕರ ಓಡಾಟ ನಿಯಂತ್ರಿಸಿದರು ಅಂದರೆ ಊಹಿಸಿಕೊಳ್ಳಿ. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರೂ ಸೇವಾದಳದ ಮಹಿಳಾ ಕೆಲಸಕ್ಕೆ ಇಳಿದರು. ಕರಾವಳಿಯ ಹೆಣ್ಣುಮಕ್ಕಳು ಇಲ್ಲದಿದ್ದರೆ ಹುಬ್ಬಳ್ಳಿಯ ಡಾಕ್ಟರ ದಳ ಗಂಡಸರ ಕವಾಯತು ಮಾತ್ರ ಆಗಿರುತ್ತಿತ್ತು.

ಈಗಿನ ಅಂತರರಾಷ್ಟ್ರೀಯ ಸಂಸ್ಥೆಗಳು ಪಕ್ಷಗಳ ಮಹಿಳಾ ಘಟಕಕ್ಕೆ ಅಂತ ಕಾರ್ಯಾಗಾರ ಮಾಡ್ತವೆ. ಒಳ್ಳೆಯದೇ. ಆದರೆ ಬೆಳಗಾವಿಯಲ್ಲಿ ಆದದ್ದಕ್ಕೆ ಒಬ್ಬ ಮಾವ, ಒಬ್ಬ ಸೊಸೆ, ಒಂದು ಪ್ರೆಸ್ಸು, ಒಂದು ಶಾಲೆ ಸಾಕಾಯ್ತು. ಶಾಲೆ ಮೊದಲು, ಘಟಕ ಆಮೇಲೆ.

ನಿಷೇಧ, ಮತ್ತೆ ಕೆಲಸ

1929ರಲ್ಲಿ ಹರ್ಡೀಕರ್ ಡಾ. ಕೊಕಟನೂರ, ಡಾ. ಎಂ.ಕೆ. ವೈದ್ಯ ಅವರ ಜೊತೆ ಸೇರಿ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯ ಧಾಮ ಆರಂಭಿಸಿದರು. ಅದು ಈಗಲೂ ಇದೆ. ಮಿಷಿಗನ್ನಿನ ಓದು ಕೊನೆಗೂ ನೇರವಾಗಿ ರೋಗಿಗಳ ಕೆಲಸಕ್ಕೆ ಬಂತು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೇವಾದಳದವರು ಎಲ್ಲ ಕಡೆ ಕಾಣಿಸಿಕೊಂಡರು. ಅಲ್ಲಿವರೆಗೆ ಅನುಮಾನದಿಂದ ನೋಡುತ್ತಿದ್ದವರೂ ದಳದ ಬೆಲೆ ಕಂಡರು. 1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸೇವಾದಳವನ್ನು ಪಕ್ಷದ ಅಧಿಕೃತ ಸ್ವಯಂಸೇವಕ ಅಂಗವನ್ನಾಗಿ ಮಾಡಿಕೊಂಡಿತು. ಎಂಟು ವರ್ಷದ ಪಟ್ಟಿಗೆ ಸಿಕ್ಕ ಮನ್ನಣೆ. ಅದು ನಿಂತದ್ದು ಕೆಲವೇ ತಿಂಗಳು. 1932ರ ಆರಂಭದಲ್ಲಿ ಚಳವಳಿ ಮತ್ತೆ ಶುರುವಾದಾಗ ಸರ್ಕಾರ ಕಾಂಗ್ರೆಸನ್ನೂ ಸೇವಾದಳವನ್ನೂ ನಿಷೇಧಿಸಿತು. ಉಮಾಬಾಯಿ ಯರವಡಾ ಜೈಲಿಗೆ ಹೋದರು. ಪ್ರೆಸ್ಸು ಜಪ್ತಿಯಾಯ್ತು, ಶಾಲೆಗೆ ಬೀಗ ಬಿತ್ತು. 1934ರಲ್ಲಿ ಕಾಂಗ್ರೆಸ್ ಮೇಲಿನ ನಿಷೇಧ ತೆಗೆದಾಗಲೂ ಸೇವಾದಳದ ಮೇಲಿನ ನಿಷೇಧವನ್ನು ಸರ್ಕಾರ ತೆಗೆಯಲಿಲ್ಲ. ಬ್ರಿಟಿಷರಿಗೆ ಯಾವುದರ ಹೆದರಿಕೆ ಹೆಚ್ಚಿತ್ತು ಅಂತ ಇದರಿಂದಲೇ ತಿಳೀತದೆ. ಭಾಷಣ ಮಾಡುವ ಪಕ್ಷವನ್ನು ಸಹಿಸಬಹುದು, ತಾಲೀಮು ಆದ ಪಕ್ಷ ಕಷ್ಟ.

ಸ್ವಾತಂತ್ರ್ಯದ ನಂತರ ಹರ್ಡೀಕರ್ 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಉಮಾಬಾಯಿ ಅಧಿಕಾರದ ಹತ್ತಿರವೇ ಸುಳಿಯಲಿಲ್ಲ. ಕಸ್ತೂರಬಾ ಟ್ರಸ್ಟಿನ ಕೆಲಸ ಮಾಡುತ್ತಾ ಹುಬ್ಬಳ್ಳಿಯಲ್ಲಿ ಸಣ್ಣ ಮನೆಯಲ್ಲಿ ಬದುಕಿದರು, 1992ರಲ್ಲಿ ತೀರಿಕೊಂಡರು. ಹರ್ಡೀಕರ್ ಹೋದದ್ದು 1975ರಲ್ಲಿ, ತುರ್ತು ಪರಿಸ್ಥಿತಿಯ ದಿನಗಳಲ್ಲಿ. ತಾವು ಕಂಬ ಕೂಡಿಸಿದ ಪಕ್ಷದಲ್ಲಿ ಕಂಬಗಳೇ ಬೇಡವಾಗಿ, ಒಬ್ಬರ ಮಾತೇ ಎಲ್ಲ ಆಗಿದ್ದ ಹೊತ್ತು ಅದು.

ಕಾನೂನು ಹೇಳುವುದು, ನಡೆಯುವುದು

ಮರುವರ್ಷವೇ, 1976ರಲ್ಲಿ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಂತು. ರಾಜಕೀಯ ಪಕ್ಷ, ಅಭ್ಯರ್ಥಿ, ಶಾಸಕರು ಹೊರದೇಶದ ಹಣ ಮುಟ್ಟಬಾರದು. 2010ರಲ್ಲಿ ಕಾಯ್ದೆ ಹೊಸದಾದರೂ ಈ ನಿಷೇಧ ಉಳಿಯಿತು. ಒಳ್ಳೆಯ ಕಾನೂನು ಅಂತಲೇ ನನ್ನ ಅಭಿಪ್ರಾಯ. ಗದರ್‌ನವರ ಅನುಭವ ಓದಿದವರು ಬೇರೆ ಹೇಳಲಿಕ್ಕಿಲ್ಲ.

ಆದರೆ ನಡೆದದ್ದೇನು? 2014ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟ್, ವೇದಾಂತ ಸಮೂಹಕ್ಕೆ ಸೇರಿದ ಕಂಪನಿಗಳಿಂದ ದೇಣಿಗೆ ಪಡೆದು ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ಈ ಕಾಯ್ದೆ ಮುರಿದಿವೆ ಅಂತ ತೀರ್ಪು ಕೊಟ್ಟಿತು. ಅದಕ್ಕೆ ಪರಿಹಾರ ಸಿಕ್ಕಿದ್ದು ಕಾನೂನು ಬದಲಿಸುವ ಮೂಲಕ. 2016ರ ಹಣಕಾಸು ಕಾಯ್ದೆಯಲ್ಲಿ ವಿದೇಶಿ ಮೂಲ ಎಂಬುದರ ಅರ್ಥವನ್ನೇ ತಿದ್ದಿದರು. 2018ರಲ್ಲಿ ಆ ತಿದ್ದುಪಡಿಯನ್ನು 1976ರಿಂದಲೇ ಜಾರಿಗೆ ಬಂದಂತೆ ಮಾಡಿದರು. ಅಂದರೆ ನಲವತ್ತೆರಡು ವರ್ಷ ಹಿಂದಕ್ಕೆ ಹೋಗಿ ತಪ್ಪನ್ನು ಅಳಿಸಿದರು. ಬೇರೆ ಎಲ್ಲದಕ್ಕೂ ಹೊಡೆದಾಡುವ ಪಕ್ಷಗಳ ನಡುವೆ ಈ ವಿಷಯದಲ್ಲಿ ಜಗಳವೇ ಆಗಲಿಲ್ಲ. 2018ರಲ್ಲಿ ಬಂದ ಚುನಾವಣಾ ಬಾಂಡ್ ಯಾರು ಕೊಟ್ಟದ್ದು ಎಂಬುದನ್ನೇ ಮುಚ್ಚಿಟ್ಟಿತು. ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಅದನ್ನು ಅಸಾಂವಿಧಾನಿಕ ಅಂತ ರದ್ದು ಮಾಡಿತು.

ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡ್ತವೆ ಅಂತ ಕೇಂದ್ರ ಮಾಹಿತಿ ಆಯೋಗ 2013ರಲ್ಲೇ ಹೇಳಿದೆ. ಇವತ್ತಿಗೂ ಅವು ಪಾಲಿಸಿಲ್ಲ. ಹೊರದೇಶದ ಕೈವಾಡ ಅಂತ ಕೂಗುವವರು ಮೊದಲು ತಮ್ಮ ಊರಿನ ಲೆಕ್ಕ ತೋರಿಸಲಿ.

ಹಣದ ಮಾತು ಬಂದಾಗ ನಮ್ಮ ಜಿಲ್ಲೆಯ ಕಾರ್ನಾಡ್ ಸದಾಶಿವ ರಾಯರನ್ನು ನೆನಪಿಸದೆ ಇರಲಾಗದು. ಮಂಗಳೂರಿನ ಶ್ರೀಮಂತ ವಕೀಲರು. ಇದ್ದದ್ದನ್ನೆಲ್ಲ ಕಾಂಗ್ರೆಸಿಗೂ ಹರಿಜನರ, ಹೆಂಗಸರ ಕೆಲಸಕ್ಕೂ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಬೆಂಗಳೂರಿನ ಸದಾಶಿವನಗರ ಅವರ ಹೆಸರಿನದ್ದು. ಈಗ ಅಲ್ಲಿ ಮನೆ ಇರುವುದು ಎಂಥವರಿಗೆ ಅಂತ ಹೇಳಬೇಕಾಗಿಲ್ಲ. ಅವರಂಥವರ ತ್ಯಾಗ ದೊಡ್ಡದು. ಆದರೆ ಒಬ್ಬ ದಾನಿಯ ಮೇಲೆ ನಿಂತ ಪಕ್ಷ ಆ ದಾನಿ ಹೋದ ದಿನ ಬಡವಾಗ್ತದೆ. ದಾನಿ ಮಂಗಳೂರಿನವರಾದರೂ ಅಷ್ಟೇ, ಬರ್ಲಿನ್ನಿನವರಾದರೂ ಅಷ್ಟೇ, ಮುಂಬೈಯ ಕಂಪನಿಯಾದರೂ ಅಷ್ಟೇ. ನಾಲ್ಕಾಣೆಯ ಲಕ್ಷ ಸದಸ್ಯರಿದ್ದರೆ ಆ ಭಯ ಇಲ್ಲ.

ಈಗ ನಮ್ಮ ಊರಿನ ಸ್ಥಿತಿ ಕಾಣಿ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೀತದೆ, ಆದರೂ ಯಾರು ಯಾವ ಪಕ್ಷ ಅಂತ ಮಕ್ಕಳಿಗೂ ಗೊತ್ತು. ವಿಧಾನಸಭೆ ಚುನಾವಣೆ ಬಂದಾಗ ಬಾವುಟ, ಟೋಪಿ, ವಾಹನ ಎಲ್ಲ ಬರ್ತದೆ. ಚುನಾವಣೆ ಮುಗಿದ ಮರುದಿನ ಪಕ್ಷ ಎಲ್ಲಿರ್ತದೆ? ಮಿಸ್ಡ್ ಕಾಲ್ ಕೊಟ್ಟು ಸದಸ್ಯರಾದವರಿಗೆ ತಮ್ಮ ಘಟಕದ ಸಭೆ ಎಲ್ಲಿ, ಯಾವಾಗ ಅಂತ ಗೊತ್ತಾ? ಅಭ್ಯರ್ಥಿ ಯಾರಾಗಬೇಕು ಅಂತ ಅವರನ್ನು ಯಾರಾದರೂ ಕೇಳ್ತಾರಾ? ಪಟ್ಟಿ ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ಬರ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಈ ಮಾತು ಯಾವ ಒಂದು ಪಕ್ಷಕ್ಕೂ ಅಲ್ಲ, ಹೆಚ್ಚುಕಡಿಮೆ ಎಲ್ಲದಕ್ಕೂ ಸಲ್ಲುತ್ತದೆ.

ಹೊರದೇಶದಿಂದ ಕಲಿಯುವುದಕ್ಕೆ ನಾಚಿಕೆ ಬೇಡ. ಹರ್ಡೀಕರ್ ಕಲಿತರು. ಆದರೆ ಅವರು ಕಲಿತದ್ದು ಲೆಕ್ಕ ಇಡುವುದನ್ನು, ರಸೀದಿ ಕೊಡುವುದನ್ನು, ಸಾಲಿನಲ್ಲಿ ನಿಲ್ಲಿಸುವುದನ್ನು, ಸಭೆ ಇಲ್ಲದ ದಿನವೂ ಕೆಲಸ ಮಾಡುವುದನ್ನು. ದುಡ್ಡು ಇಲ್ಲಿಯೇ ಕೂಡಿಸಿದರು, ಜನರನ್ನು ಇಲ್ಲಿಯೇ ತಯಾರು ಮಾಡಿದರು, ಮಾತನ್ನು ಇಲ್ಲಿಯ ಭಾಷೆಯಲ್ಲೇ ಹೇಳಿದರು. ಅದಕ್ಕೇ ಅವರ ದಳವನ್ನು ಹೊರದೇಶದ ಕೈಗೊಂಬೆ ಅನ್ನಲು ಬ್ರಿಟಿಷರಿಗೂ ಸಾಧ್ಯವಾಗಲಿಲ್ಲ, ನಿಷೇಧಿಸುವುದೊಂದೇ ದಾರಿ ಉಳಿಯಿತು.

ಹಾಗಾಗಿ ಮುಂದಿನ ಸಲ ಯಾವ ಪಕ್ಷದವರು ನಿಮ್ಮ ಮನೆ ಬಾಗಿಲಿಗೆ ಬಂದರೂ ಮೂರು ಪ್ರಶ್ನೆ ಕೇಳಿ. ಚಂದಾ ಕೊಟ್ಟರೆ ರಸೀದಿ ಉಂಟಾ? ಊರಿನ ಘಟಕಕ್ಕೆ ಕೊನೆಯ ಸಲ ಚುನಾವಣೆ ನಡೆದದ್ದು ಯಾವಾಗ? ಹೆಂಗಸರಿಗೆ ಕುರ್ಚಿ ಜೋಡಿಸುವ ಕೆಲಸ ಬಿಟ್ಟು ಬೇರೆ ಏನು ಕೊಟ್ಟಿದ್ದೀರಿ? ಉತ್ತರ ಸಿಗದಿದ್ದರೆ ಅಲ್ಲಿಯೇ ಬಿಡಬೇಡಿ, ಮುಂದಿನ ಸಲವೂ ಕೇಳಿ.